ಬಯಲುಸೀಮೆಯಿಂದ ಕಡಲಿಗೆ: ಕಯಾಕ್ ಪ್ರವಾಸಕ್ಕೆ ಸಲಕರಣೆಯ ಆಯ್ಕೆ ಮತ್ತು ಪೂರ್ವಸಿದ್ಧತೆ

ತುಮಕೂರಿನಿಂದ ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳ ಮೇಲೆ ಹಾದು ಹೊನ್ನಾವರ ಮುಟ್ಟುವ ದಾರಿ 350 ಕಿಲೋಮೀಟರಿಗೂ ಹೆಚ್ಚು. ಅಷ್ಟು ದೂರ ಹೋಗಿ, ಕೈಯಲ್ಲಿರುವ ಎರಡು ದಿನಗಳಲ್ಲಿ ಸಮುದ್ರದ ಮೇಲೆ ಕಯಾಕ್ (ಹುಟ್ಟು ಹಾಕಿ ಸಾಗುವ ಕಿರಿದಾದ ಸಣ್ಣ ದೋಣಿ) ನಡೆಸಿ ಬರಬೇಕೆಂದು ಬಯಸುವ ನಮ್ಮ ಜಿಲ್ಲೆಯವರಿಗೆ ಒಂದು ತೊಡಕು ಇದ್ದೇ ಇದೆ: ಕಡಲಿನ ಸ್ವಭಾವವನ್ನು ದಿನವೂ ನೋಡಿ ಕಲಿಯುವ ಅವಕಾಶ ನಮಗಿಲ್ಲ. ಕರಾವಳಿಯಲ್ಲಿ ಮೀನುಗಾರರ ಮನೆಯಲ್ಲಿ ಬೆಳೆದವರು ಬೆಳಗಿನ ಗಾಳಿಯನ್ನು ನೋಡಿಯೇ ಮಧ್ಯಾಹ್ನದ ತೆರೆಯನ್ನು ಅಂದಾಜು ಮಾಡುತ್ತಾರೆ. ನಾವು ಅದನ್ನು ಕೇಳಿ, ಓದಿ, ನಮ್ಮ ಕೆರೆಗಳಲ್ಲಿ ಮಾಡಿ ನೋಡಿ ಕಲಿಯಬೇಕಾಗುತ್ತದೆ. ಹೀಗಾಗಿ ನಮ್ಮ ಪಾಲಿಗೆ ಪ್ರವಾಸದ ದೊಡ್ಡ ಭಾಗ ಕಡಲನ್ನು ಕಾಣುವ ಮೊದಲೇ, ಮನೆಯ ಹತ್ತಿರವೇ ಮುಗಿದಿರಬೇಕು.

ಸಲಕರಣೆ ಆರಿಸುವಾಗ ಬಣ್ಣ, ಬೆಲೆ, ಉದ್ದ, ತೂಕ ಎಂದು ನೂರು ವಿಚಾರಗಳು ತಲೆಗೆ ಬರುತ್ತವೆ. ಅವೆಲ್ಲಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ದಡದಿಂದ ಅರ್ಧ ಕಿಲೋಮೀಟರು ದೂರದಲ್ಲಿ ಕಯಾಕ್ ಮಗುಚಿಕೊಂಡರೆ, ಯಾರ ನೆರವೂ ಇಲ್ಲದೆ ನಾನು ಮತ್ತೆ ಅದನ್ನು ಹತ್ತಿ ಕೂರಬಲ್ಲೆನೇ? ಈ ಪ್ರಶ್ನೆಗೆ ಹೌದು ಎನ್ನಲು ನೆರವಾಗುವ ವಸ್ತು ಎಷ್ಟೇ ಸಾಮಾನ್ಯವಾಗಿದ್ದರೂ ಅಗತ್ಯದ್ದು. ನೆರವಾಗದ ವಸ್ತು ಎಷ್ಟೇ ದುಬಾರಿಯಾಗಿದ್ದರೂ ಆಮೇಲಿನ ಮಾತು. ಈ ಮಾರ್ಗದರ್ಶಿಯ ಉದ್ದಕ್ಕೂ ಅದೇ ಪ್ರಶ್ನೆಯನ್ನು ಅಳತೆಗೋಲಾಗಿ ಇಟ್ಟುಕೊಂಡಿದ್ದೇನೆ.

ಕಯಾಕಿನ ಆಯ್ಕೆ

ಕಯಾಕುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೇಲೆ ಕೂರುವ ಬಗೆಯಲ್ಲಿ ಒಳಟೊಳ್ಳು ಪೂರ್ತಿ ಮುಚ್ಚಿರುತ್ತದೆ. ಕೂರುವ ಜಾಗ ತೆರೆದಿರುತ್ತದೆ. ಮೇಲೆ ಬಿದ್ದ ನೀರು ತಳದ ತೂತುಗಳಿಂದ ತಾನೇ ಇಳಿದುಹೋಗುತ್ತದೆ. ಇವು ಸಾಮಾನ್ಯವಾಗಿ 3ರಿಂದ 3.6 ಮೀಟರ್ ಉದ್ದ, 75ರಿಂದ 85 ಸೆಂಟಿಮೀಟರ್ ಅಗಲ ಇರುತ್ತವೆ. ಒಳಗೆ ಕೂರುವ ಸಮುದ್ರ ಕಯಾಕ್ 4.8ರಿಂದ 5.5 ಮೀಟರ್ ಉದ್ದ, 53ರಿಂದ 60 ಸೆಂಟಿಮೀಟರ್ ಅಗಲದ್ದು. ಅದರಲ್ಲಿ ಸೊಂಟದಿಂದ ಕೆಳಗಿನ ದೇಹ ಒಳಗಿರುತ್ತದೆ. ಕೂರುವ ಗುಂಡಿಯ ಬಾಯಿಗೆ ಸ್ಪ್ರೇ ಸ್ಕರ್ಟ್ ಎಂಬ ಹೊದಿಕೆಯನ್ನು ಬಿಗಿದುಕೊಳ್ಳಬೇಕು. ಉದ್ದನೆಯದು ನೇರವಾಗಿ, ವೇಗವಾಗಿ ಸಾಗುತ್ತದೆ. ಅಗಲವಾದದ್ದು ನಿಧಾನವಾಗಿ ಸಾಗಿದರೂ ಸುಲಭವಾಗಿ ಹೊರಳುವುದಿಲ್ಲ.

ಮೊದಲ ಸಮುದ್ರ ಪ್ರವಾಸಕ್ಕೆ ಮೇಲೆ ಕೂರುವ ಕಯಾಕನ್ನೇ ನಾನು ಶಿಫಾರಸು ಮಾಡುತ್ತೇನೆ. ಮಗುಚಿದರೆ ಸವಾರ ತಾನಾಗಿಯೇ ನೀರಿಗೆ ಬೀಳುತ್ತಾನೆ, ಒಳಗೆ ಸಿಕ್ಕಿಕೊಳ್ಳುವ ಭಯವಿಲ್ಲ. ಮತ್ತೆ ಹತ್ತುವುದನ್ನು ಒಂದು ಬೆಳಗ್ಗೆಯಲ್ಲಿ ಕಲಿಯಬಹುದು. ಹತ್ತಿದ ಮೇಲೆ ನೀರು ಹೊರಹಾಕುವ ಕೆಲಸವೂ ಇಲ್ಲ. ನಮ್ಮ ಅರಬ್ಬೀ ಸಮುದ್ರದ ಮೇಲ್ಮೈ ನೀರು ವರ್ಷದ ಬಹುಭಾಗ 27ರಿಂದ 30 ಡಿಗ್ರಿ ಸೆಲ್ಸಿಯಸ್‌ನಷ್ಟು ಬೆಚ್ಚಗಿರುವುದರಿಂದ, ದೇಹ ತೋಯುವುದರಿಂದ ಆಗುವ ತೊಂದರೆಯೂ ಕಡಿಮೆ. ಶೀತದೇಶಗಳ ಪುಸ್ತಕಗಳು ಮುಚ್ಚಿದ ಕಯಾಕನ್ನೂ ದಪ್ಪನೆಯ ರಬ್ಬರ್ ಉಡುಪನ್ನೂ ಮೊದಲ ಸಾಲಿನಲ್ಲಿ ಇಡುತ್ತವೆ. ಅಲ್ಲಿ ತಣ್ಣೀರೇ ಕೊಲ್ಲುತ್ತದೆ, ನಮ್ಮಲ್ಲಿ ಬಿಸಿಲು ಸುಸ್ತುಮಾಡಿ ಕೊಲ್ಲುತ್ತದೆ. ಆ ಪಟ್ಟಿಗಳನ್ನು ಹಾಗೆಯೇ ಅನುಸರಿಸಬಾರದು.

ದಿನಕ್ಕೆ ಹದಿನೈದು ಇಪ್ಪತ್ತು ಕಿಲೋಮೀಟರ್ ಸಾಗುವ, ದಡದಲ್ಲಿ ತಂಗುವ ಪ್ರವಾಸ ನಿಮ್ಮ ಗುರಿಯಾದರೆ ಮಾತ್ರ ಒಳಗೆ ಕೂರುವ ಸಮುದ್ರ ಕಯಾಕಿನ ಕಡೆ ನೋಡಿ. ಆಗ ಎರಡು ಅಂಶಗಳಲ್ಲಿ ರಾಜಿ ಬೇಡ. ಒಂದು, ಮುಂದೆಯೂ ಹಿಂದೆಯೂ ನೀರು ಹೋಗದಂತೆ ಅಡ್ಡಗೋಡೆ, ಅಂದರೆ ಬಲ್ಕ್‌ಹೆಡ್ ಇರಬೇಕು. ಅಡ್ಡಗೋಡೆಯಿಲ್ಲದ ಕಯಾಕಿನೊಳಗೆ ನೀರು ತುಂಬಿದರೆ ಒಂದು ತುದಿ ಮುಳುಗಿ ಇನ್ನೊಂದು ತುದಿ ಮುಗಿಲಿಗೆ ಎದ್ದುನಿಲ್ಲುತ್ತದೆ. ಅಂಥದ್ದನ್ನು ನೀರಿನಲ್ಲೇ ಸರಿಪಡಿಸಿ ಹತ್ತುವುದು ಅನುಭವಿಗಳಿಗೂ ಆಗದ ಕೆಲಸ. ಎರಡು, ಅಂಚಿನ ಸುತ್ತಲೂ ಹಿಡಿದುಕೊಳ್ಳಲು ಹಗ್ಗ ಹಾಯಿಸಿರಬೇಕು. ಒದ್ದೆ ಕೈಗೆ ನುಣ್ಣನೆಯ ಪ್ಲಾಸ್ಟಿಕ್ ಸಿಕ್ಕುವುದಿಲ್ಲ, ಹಗ್ಗ ಸಿಕ್ಕುತ್ತದೆ.

ಹಳೆಯ ಕಯಾಕ್ ಕೊಳ್ಳುವವರು ಅಡ್ಡಗೋಡೆಯನ್ನು ಹೀಗೆ ಪರೀಕ್ಷಿಸಬಹುದು. ಹಿಂಭಾಗದ ಹ್ಯಾಚ್, ಅಂದರೆ ಸಾಮಾನಿಡುವ ಗೂಡಿನ ಮುಚ್ಚಳ ತೆರೆದು ಒಂದು ಬಕೆಟ್ ನೀರು ಸುರಿದು, ಮುಚ್ಚಿ, ಕಯಾಕಿನ ಹಿಂದಿನ ತುದಿಯನ್ನು ಇಬ್ಬರು ಎತ್ತಿ ಹಿಡಿಯಿರಿ. ನೀರು ಅಡ್ಡಗೋಡೆಗೆ ಬಂದು ನಿಲ್ಲುತ್ತದೆ. ಕೂರುವ ಗುಂಡಿಯ ಕಡೆಯಿಂದ ಒಣ ಬಟ್ಟೆಯನ್ನು ಗೋಡೆಯ ಅಂಚಿನುದ್ದಕ್ಕೂ ಒತ್ತಿ ನೋಡಿ. ಹತ್ತು ನಿಮಿಷವಾದರೂ ಬಟ್ಟೆ ಒಣಗಿದ್ದರೆ ಗೋಡೆ ಗಟ್ಟಿ. ಹ್ಯಾಚ್ ಮುಚ್ಚಳದ ರಬ್ಬರನ್ನು ಬೆರಳಿನಿಂದ ಬಗ್ಗಿಸಿ. ಮಡಿಕೆಯಲ್ಲಿ ಸಣ್ಣ ಬಿರುಕುಗಳು ಕಂಡರೆ ಅದು ಬಿಸಿಲಿಗೆ ಹಳಸಿದ ರಬ್ಬರು, ಬದಲಾಯಿಸಬೇಕು.

ಗಾಳಿ ತುಂಬುವ ಕಯಾಕುಗಳು ಕಾರಿನ ಡಿಕ್ಕಿಯಲ್ಲಿ ಹಿಡಿಯುತ್ತವೆ ಎಂಬ ಕಾರಣಕ್ಕೆ ಬಹಳ ಜನ ಅವನ್ನು ಇಷ್ಟಪಡುತ್ತಾರೆ. ಸಮುದ್ರದಲ್ಲಿ ಸಂಜೆಯ ಗಾಳಿ ಅವನ್ನು ಸುಲಭವಾಗಿ ಪಕ್ಕಕ್ಕೆ ತಳ್ಳುತ್ತದೆ. ನಮ್ಮ ಕೆರೆಯಂಗಳದಲ್ಲಿ ಬಳ್ಳಾರಿ ಜಾಲಿಯ ಮುಳ್ಳು ಅವಕ್ಕೆ ಇನ್ನೂ ದೊಡ್ಡ ಶತ್ರು. ನೀರು ಏರಿದಾಗ ಮುಳುಗಿದ ಜಾಲಿಗಿಡಗಳು ಮೇಲಿನಿಂದ ಕಾಣುವುದೇ ಇಲ್ಲ. ಗಟ್ಟಿ ಪಾಲಿಎಥಿಲೀನ್ ಕಯಾಕ್ ತೂಕವಾದರೂ, ಬಂಡೆ, ಮುಳ್ಳು, ಮರಳು ಎಲ್ಲವನ್ನೂ ತಡೆದುಕೊಳ್ಳುತ್ತದೆ. ಫೈಬರ್ ಗ್ಲಾಸಿನದು ಹಗುರ ಮತ್ತು ಚುರುಕು, ಆದರೆ ಬಂಡೆಗೆ ತಾಗಿದರೆ ಬಿರಿಯುತ್ತದೆ.

ಐದು ಮೀಟರಿನ ಕಯಾಕನ್ನು ಸಣ್ಣ ಕಾರಿನ ಮೇಲೆ ಕಟ್ಟಿಕೊಂಡು ಘಟ್ಟ ಇಳಿಯುವುದು ಸುಲಭದ ಕೆಲಸವಲ್ಲ. ವರ್ಷಕ್ಕೆ ಒಂದೆರಡು ಪ್ರವಾಸ ಮಾಡುವವರು ಕರಾವಳಿಯಲ್ಲೇ ಕಯಾಕನ್ನು ಬಾಡಿಗೆಗೆ ಪಡೆಯಲಿ. ಲೈಫ್ ಜಾಕೆಟ್ ಮತ್ತು ಸೀಟಿಯನ್ನು ಮಾತ್ರ ಸ್ವಂತದ್ದು ಕೊಳ್ಳಲಿ. ಬಾಡಿಗೆಯ ಕಯಾಕನ್ನು ನೀರಿಗಿಳಿಸುವ ಮುನ್ನ ಹಿಂದಿನ ನೀರಿಳಿಸುವ ಬಿರಡೆ ಇದೆಯೇ, ಬಿಗಿಯಾಗಿದೆಯೇ ಎಂದು ಸ್ವತಃ ಕೈಯಿಂದ ತಿರುಗಿಸಿ ನೋಡಬೇಕು. ಬಿರಡೆ ಸಡಿಲವಿದ್ದರೆ ಮೇಲೆ ಕೂರುವ ಕಯಾಕಿನ ಒಳಟೊಳ್ಳಿಗೆ ಸದ್ದಿಲ್ಲದೆ ನೀರು ತುಂಬುತ್ತದೆ. ಕಯಾಕ್ ಓಲಾಡತೊಡಗಿದಾಗಲಷ್ಟೇ ಅದು ಗೊತ್ತಾಗುವುದು.

ಹುಟ್ಟು

ಕಯಾಕಿನ ಹುಟ್ಟಿಗೆ, ಅಂದರೆ ಪ್ಯಾಡಲಿಗೆ, ಎರಡೂ ತುದಿಯಲ್ಲಿ ಅಲಗು ಇರುತ್ತದೆ. ಕಿರಿದಾದ ಸಮುದ್ರ ಕಯಾಕಿಗೆ 210ರಿಂದ 225 ಸೆಂಟಿಮೀಟರ್, ಅಗಲವಾದ ಮೇಲೆ ಕೂರುವ ಕಯಾಕಿಗೆ 230ರಿಂದ 240 ಸೆಂಟಿಮೀಟರ್ ಉದ್ದದ್ದು ಹೊಂದುತ್ತದೆ. ಗಿಡ್ಡವಾದರೆ ಪ್ರತಿ ಎಳೆತಕ್ಕೂ ಬಾಗಬೇಕಾಗುತ್ತದೆ, ಉದ್ದವಾದರೆ ಭುಜ ಸೋಲುತ್ತದೆ. ನಿಮಿಷಕ್ಕೆ ಐವತ್ತು ಎಳೆತವೆಂದು ಹಿಡಿದರೂ ಗಂಟೆಗೆ ಮೂರು ಸಾವಿರವಾಯಿತು. ಆದುದರಿಂದ ಹಣ ಮಿತವಾಗಿದ್ದರೆ ಕಯಾಕಿನಲ್ಲಿ ಉಳಿಸಿ, ಹಗುರವಾದ ಹುಟ್ಟಿಗೆ ಖರ್ಚು ಮಾಡುವುದೇ ಜಾಣತನ. ನಡುವೆ ಬಿಚ್ಚಿಕೊಳ್ಳುವ ಎರಡು ತುಂಡಿನ ಹುಟ್ಟು ಸಾಗಿಸಲು ಅನುಕೂಲ. ಗುಂಪಿಗೆ ಕಡೇಪಕ್ಷ ಒಂದು ಹೆಚ್ಚುವರಿ ಹುಟ್ಟು ಕಯಾಕಿನ ಮೇಲೆಯೇ ಕಟ್ಟಿರಬೇಕು. ಹುಟ್ಟು ಕೈತಪ್ಪದಂತೆ ಕಟ್ಟುವ ಎಳೆ ತೆರೆದ ನೀರಿನಲ್ಲಿ ಉಪಯುಕ್ತ. ತೆರೆ ಒಡೆಯುವ ಜಾಗದಲ್ಲಿ ಅದು ಕೈಕಾಲಿಗೆ ಸುತ್ತಿಕೊಳ್ಳುವುದರಿಂದ ಅಲ್ಲಿ ಬಿಚ್ಚಿಡಬೇಕು.

ಲೈಫ್ ಜಾಕೆಟ್

ನಮ್ಮ ಕಡೆ ತೋಟದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತವರು ಬಹಳ. ಅವರಲ್ಲಿ ಅನೇಕರು ತಮಗೆ ಜಾಕೆಟ್ ಬೇಕಿಲ್ಲ ಎಂದುಕೊಳ್ಳುತ್ತಾರೆ. ಬಾವಿಯಲ್ಲಿ ಎತ್ತ ಈಜಿದರೂ ಹತ್ತು ಕೈ ಬೀಸುವಷ್ಟರಲ್ಲಿ ಮೆಟ್ಟಿಲೋ ಕಲ್ಲೋ ಸಿಕ್ಕುತ್ತದೆ. ನೀರು ನಿಂತಲ್ಲೇ ನಿಂತಿರುತ್ತದೆ. ಕಡಲಿನಲ್ಲಿ ತೆರೆ ಮುಖಕ್ಕೆ ಹೊಡೆಯುತ್ತದೆ, ಸೆಳವು ಎಳೆಯುತ್ತದೆ, ಕಯಾಕ್ ಗಾಳಿಗೆ ನಿಮಗಿಂತ ಬೇಗ ದೂರ ಸರಿಯುತ್ತದೆ. ಒಂದು ಕೈಯಲ್ಲಿ ಹುಟ್ಟು, ಇನ್ನೊಂದರಲ್ಲಿ ಕಯಾಕ್ ಹಿಡಿದಿರುವಾಗ ಈಜಲು ಕೈಯೇ ಉಳಿಯುವುದಿಲ್ಲ. ಆಗ ತೇಲಿಸುವುದು ಜಾಕೆಟ್ ಒಂದೇ.

ಈಜು ಬಲ್ಲವರಿಗೆ ಐಎಸ್‌ಒ 12402-5 ಗುರುತಿನ, 50 ನ್ಯೂಟನ್ ತೇಲುಶಕ್ತಿಯ ಕಯಾಕ್ ಜಾಕೆಟ್ ಸಾಕು. ತೋಳು ಆಡಿಸಲು ಅದರಲ್ಲಿ ವಿಶಾಲವಾದ ಜಾಗ ಬಿಟ್ಟಿರುತ್ತಾರೆ. ಈಜು ಬಾರದವರಿಗೆ 100 ನ್ಯೂಟನ್ನಿನ, ಐಎಸ್‌ಒ 12402-4 ಗುರುತಿನದು ಬೇಕು. ಅಂಥವರು ತೆರೆದ ಕಡಲಿಗೆ ಹೋಗದೆ ಹಿನ್ನೀರಿನಲ್ಲೇ ಇರುವುದು ಒಳ್ಳೆಯದು. ಹಾಕಿಕೊಂಡು ಎಲ್ಲ ಪಟ್ಟಿಗಳನ್ನೂ ಬಿಗಿದ ಮೇಲೆ, ಜೊತೆಯವರು ನಿಮ್ಮ ಹಿಂದೆ ನಿಂತು ಭುಜದ ಪಟ್ಟಿಗಳನ್ನು ಮೇಲಕ್ಕೆ ಎಳೆಯಲಿ. ಜಾಕೆಟ್ ಗಲ್ಲದವರೆಗೆ ಏರಿಬಂದರೆ ಅದು ಸಡಿಲ. ನೀರಿನಲ್ಲಿ ಅದು ನಿಮ್ಮನ್ನು ಬಿಟ್ಟು ತಾನು ತೇಲುತ್ತದೆ. ಎದೆಯ ಪಟ್ಟಿಗೆ ಪ್ಲಾಸ್ಟಿಕ್ ಸೀಟಿ ಕಟ್ಟಿಡಿ. ಕಡಲಿನ ಸದ್ದಿನಲ್ಲಿ ಕೂಗು ಇಪ್ಪತ್ತು ಮೀಟರಿಗೂ ಕೇಳುವುದಿಲ್ಲ.

ಆಪತ್ತಿಗೆ ಬೇಕಾಗುವವು

ಒಳಗೆ ಕೂರುವ ಕಯಾಕಿಗೆ ಕೈಪಂಪು, ಪ್ಯಾಡಲ್ ಫ್ಲೋಟ್ (ಹುಟ್ಟಿನ ಅಲಗಿಗೆ ತೊಡಿಸಿ ಗಾಳಿ ತುಂಬುವ ತೇಲುಚೀಲ) ಮತ್ತು ಸ್ಪಂಜು ಬೇಕು. ಗುಂಪಿನಲ್ಲಿ ಒಬ್ಬರಾದರೂ ಸೊಂಟಕ್ಕೆ ಕಟ್ಟುವ, ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಟೋ ಲೈನ್ ಇಟ್ಟುಕೊಂಡಿರಬೇಕು. ಬಳಲಿದವರನ್ನು ಎಳೆದು ತರಲು ಅದಕ್ಕಿಂತ ಒಳ್ಳೆಯ ಉಪಾಯವಿಲ್ಲ. ಮೀನುಬಲೆಗೆ ಸಿಕ್ಕಿಕೊಂಡರೆ ಕತ್ತರಿಸಲು, ಒಂದೇ ಕೈಯಿಂದ ತೆರೆಯಬಹುದಾದ ಚಾಕು ಜಾಕೆಟ್ಟಿನ ಜೇಬಿನಲ್ಲಿರಲಿ.

ಫೋನನ್ನು ನೀರು ಹೋಗದ ಚೀಲದಲ್ಲಿಟ್ಟರೆ ಕೆಲಸ ಮುಗಿಯಿತೆಂದು ತಿಳಿಯಬೇಡಿ. ಒದ್ದೆ ಬೆರಳಿಗೆ ಪರದೆ ಸ್ಪಂದಿಸುವುದಿಲ್ಲ. ಪಕ್ಕದ ಗುಂಡಿಗಳನ್ನು ಒತ್ತಿ ತುರ್ತು ಕರೆ ಹೋಗುವಂತೆ ಮೊದಲೇ ಹೊಂದಿಸಿ, ಚೀಲದೊಳಗಿಟ್ಟೇ ಒಮ್ಮೆ ಕರೆ ಮಾಡಿ ನೋಡಿ. ಸಮುದ್ರದಲ್ಲಿ ಆಪತ್ತಾದರೆ ಕರೆಯಬೇಕಾದ ಸಂಖ್ಯೆಗಳು: ಭಾರತೀಯ ಕರಾವಳಿ ರಕ್ಷಣಾ ಪಡೆ 1554, ಕರಾವಳಿ ಕಾವಲು ಪೊಲೀಸ್ 1093, ಸಾಮಾನ್ಯ ತುರ್ತು ಸೇವೆ 112. ಪರವಾನಗಿ ಪಡೆದ ವಿಎಚ್‌ಎಫ್ ರೇಡಿಯೋ (ದೋಣಿಗಳವರು ಮಾತಾಡಿಕೊಳ್ಳುವ ನಿಸ್ತಂತು ಸಾಧನ) ತಂಡದಲ್ಲಿದ್ದರೆ 16ನೇ ಚಾನೆಲ್ ಆಪತ್ಕಾಲದ್ದು. ವಿದೇಶದಿಂದ ತಂದ ಉಪಗ್ರಹ ಫೋನನ್ನೋ ಉಪಗ್ರಹ ಸಂದೇಶ ಸಾಧನವನ್ನೋ ಪರವಾನಗಿಯಿಲ್ಲದೆ ಬಳಸುವುದು ನಮ್ಮ ದೇಶದಲ್ಲಿ ಅಪರಾಧ, ಕರಾವಳಿಯಲ್ಲಂತೂ ಅದರ ಮೇಲೆ ಬಿಗಿಯಾದ ಕಣ್ಣಿದೆ. 406 ಮೆಗಾಹರ್ಟ್ಸ್‌ನ ಆಪತ್ಸೂಚಕ ಬೀಕನ್ (ಉಪಗ್ರಹದ ಮೂಲಕ ನೆರವು ಕೋರುವ ಸಾಧನ) ಇಟ್ಟುಕೊಳ್ಳುವವರು ಅದನ್ನು ಬೆಂಗಳೂರಿನಲ್ಲಿರುವ ಇಸ್ರೋದ ಮಿಷನ್ ನಿಯಂತ್ರಣ ಕೇಂದ್ರದಲ್ಲಿ ನೋಂದಾಯಿಸಿರಬೇಕು.

ಉಡುಪಿನ ವಿಚಾರ ಸರಳ: ಬೇಗ ಒಣಗುವ ಉದ್ದ ತೋಳಿನ ಅಂಗಿ, ಗಲ್ಲಕ್ಕೆ ಕಟ್ಟುವ ಟೋಪಿ, ದಾರ ಕಟ್ಟಿದ ತಂಪು ಕನ್ನಡಕ, ಕಾಲಿಗೆ ಹಿಮ್ಮಡಿ ಮುಚ್ಚುವ ರಬ್ಬರ್ ತಳದ ಪಾದರಕ್ಷೆ. ಜೀನ್ಸ್ ಬೇಡ, ನೀರು ಕುಡಿದು ಭಾರವಾಗುತ್ತದೆ. ಹವಾಯಿ ಚಪ್ಪಲಿಯೂ ಬೇಡ. ಕರಾವಳಿಯ ಬಂಡೆಗಳಿಗೆ ಅಂಟಿದ ಚಿಪ್ಪುಗಳು ಅಂಗಾಲನ್ನು ಬ್ಲೇಡಿನ ಹಾಗೆ ಕೊಯ್ಯುತ್ತವೆ.

ಕೆರೆಯಲ್ಲಿ ಅಭ್ಯಾಸ

ಕಡಲಿಗೆ ಹೋಗುವ ಒಂದೆರಡು ತಿಂಗಳ ಮೊದಲೇ ಆರಂಭಿಸಬೇಕಾದ ಮತ್ತು ಬಹಳ ಜನ ಬಿಟ್ಟುಬಿಡುವ ಭಾಗವಿದು. ಜಾಗವನ್ನು ಆರಿಸುವಾಗ ಕುಡಿಯುವ ನೀರಿನ ಸಂಗ್ರಹಗಳನ್ನು, ಉದಾಹರಣೆಗೆ ತುಮಕೂರು ನಗರಕ್ಕೆ ಹೇಮಾವತಿ ನೀರು ಕೊಡುವ ಬುಗುಡನಹಳ್ಳಿ ಕೆರೆಯನ್ನು, ಪಟ್ಟಿಯಿಂದಲೇ ತೆಗೆದುಹಾಕಿ. ಉಳಿದ ಕೆರೆಗಳಿಗೂ ಪಂಚಾಯಿತಿ ಅಥವಾ ನೀರಾವರಿ ಇಲಾಖೆಯ ಒಪ್ಪಿಗೆ ಪಡೆಯಿರಿ. ಮೀನಿನ ಗುತ್ತಿಗೆ ಹಿಡಿದವರಿದ್ದರೆ ಅವರನ್ನೂ ಕೇಳಿ, ಬಲೆ ಎಲ್ಲಿ ಹಾಕಿದ್ದಾರೆಂದು ತಿಳಿದುಕೊಳ್ಳಿ. ಅವರಿಗೆ ಕೆರೆಯ ತಳದ ಆಳ, ಹೂಳು, ಮುಳುಗಿದ ಮರ ಎಲ್ಲವೂ ಗೊತ್ತಿರುತ್ತದೆ.

ತೂಬು ತೆರೆದು ನೀರು ಬಿಡುತ್ತಿರುವಾಗ ಏರಿಯ ಹತ್ತಿರ ಸುಳಿಯಬಾರದು. ಕೋಡಿ ಬಿದ್ದಿರುವ ಕೆರೆಗೆ ಇಳಿಯಲೇಬಾರದು. ಕುಣಿಗಲ್ ತಾಲ್ಲೂಕಿನಲ್ಲಿ ಶಿಂಷಾ ನದಿಗೆ ಕಟ್ಟಿದ ಮಾರ್ಕೋನಹಳ್ಳಿ ಜಲಾಶಯದಲ್ಲಿ ಮಟ್ಟ ತುಂಬಿದೊಡನೆ ತಾನಾಗಿಯೇ ನೀರು ಹೊರಹಾಕುವ ಸೈಫನ್ ವ್ಯವಸ್ಥೆ ಇದೆ. ಯಾರೂ ಗೇಟು ಎತ್ತುವುದಿಲ್ಲ, ಮುನ್ಸೂಚನೆ ಕೊಡುವುದಿಲ್ಲ, ನೀರು ಒಮ್ಮೆಲೇ ನುಗ್ಗುತ್ತದೆ. ಜಲಾಶಯ ತುಂಬಿರುವ ತಿಂಗಳುಗಳಲ್ಲಿ ಸೈಫನ್ನಿನ ಮೇಲುಗಡೆಯಾಗಲಿ ಕೆಳಗಿನ ಹರಿವಿನಲ್ಲಾಗಲಿ ನೀರಿಗಿಳಿಯುವ ಯೋಚನೆಯನ್ನೇ ಮಾಡಬೇಡಿ. ಜೊಂಡು ಬೆಳೆದ ಮೂಲೆಗಳೂ ಅಭ್ಯಾಸಕ್ಕೆ ತಕ್ಕವಲ್ಲ. ಹೂಳಿನ ತಳದಲ್ಲಿ ನಿಲ್ಲಲು ಹೋದರೆ ಕಾಲು ಹೂತುಹೋಗುವುದರಿಂದ, ಅಭ್ಯಾಸದ ಮಗುಚುವಿಕೆಯನ್ನು ಎದೆಮಟ್ಟಕ್ಕಿಂತ ಆಳದ ನೀರಿನಲ್ಲೇ, ಜಾಕೆಟ್ ಹಾಕಿಕೊಂಡು, ಪಕ್ಕದಲ್ಲಿ ಇನ್ನೊಂದು ಕಯಾಕ್ ಇರುವಾಗ ಮಾಡಿ.

ಮೇಲೆ ಕೂರುವ ಕಯಾಕನ್ನು ಮತ್ತೆ ಹತ್ತುವ ಕ್ರಮ ಹೀಗಿದೆ. ಬಿದ್ದ ಕೂಡಲೇ ಮೊದಲು ಕಯಾಕನ್ನೂ ಹುಟ್ಟನ್ನೂ ಹಿಡಿಯಿರಿ. ಕಯಾಕ್ ಬೋರಲಾಗಿದ್ದರೆ ತಳದ ಮೇಲೆ ಹಾಯ್ದು ಆಚೆ ಅಂಚನ್ನು ಹಿಡಿದು, ಹಿಂದಕ್ಕೆ ಭಾರ ಹಾಕಿ ಹೊರಳಿಸಿ. ಬಳಿಕ ಕೂರುವ ಜಾಗದ ಪಕ್ಕಕ್ಕೆ ಬಂದು ಎರಡೂ ಕೈ ಮೇಲಿಟ್ಟು, ದೇಹವನ್ನು ನೀರಿನ ಮೇಲೆ ಅಡ್ಡಲಾಗಿ ಚಾಚಿ, ಕಾಲು ಬಡಿಯಿರಿ. ಕಾಲು ಕೆಳಗೆ ನೇತಾಡುತ್ತಿದ್ದರೆ ತೋಳಿನ ಬಲದಿಂದ ಮೇಲೇಳಲು ಆಗುವುದಿಲ್ಲ. ಕಾಲುಗಳು ಮೇಲ್ಮೈಗೆ ಬಂದಾಗ ಮಾತ್ರ ದೇಹ ಜಾರಿಕೊಂಡು ಮೇಲೆ ಬರುತ್ತದೆ. ಹೊಟ್ಟೆ ಕಯಾಕಿನ ಮೇಲೆ ಅಡ್ಡ ಮಲಗಿದ ಮೇಲೆ ಒಂದು ಕ್ಷಣ ಹಾಗೆಯೇ ಇದ್ದು ಉಸಿರು ತೆಗೆದುಕೊಳ್ಳಿ, ಮಗ್ಗುಲಾಗಿ ಹೊರಳಿ ಕುಂಡೆಯನ್ನು ಸೀಟಿಗೆ ಇಳಿಸಿ, ಕೊನೆಗೆ ಕಾಲುಗಳನ್ನು ಒಳಗೆ ತನ್ನಿ. ಎದ್ದು ಕೂರಬೇಕೆಂಬ ಆತುರವೇ ಎರಡನೆಯ ಬಾರಿ ಬೀಳಿಸುತ್ತದೆ.

ಒಳಗೆ ಕೂರುವ ಕಯಾಕಿನಲ್ಲಿ ಮೊದಲು ಹೊರಬರುವುದನ್ನು ಕಲಿಯಬೇಕು. ಸ್ಪ್ರೇ ಸ್ಕರ್ಟಿನ ಮುಂದಿನ ಎಳೆಪಟ್ಟಿ ಯಾವಾಗಲೂ ಹೊರಗೆ ಕಾಣುವಂತಿರಬೇಕು. ಹೊರಡುವ ಮುನ್ನ ಪ್ರತಿ ಬಾರಿ ಕೈಯಿಂದ ಮುಟ್ಟಿ ನೋಡಬೇಕು. ಮಗುಚಿದಾಗ ಮುಂದಕ್ಕೆ ಬಾಗಿ, ಪಟ್ಟಿಯನ್ನು ಮುಂದಕ್ಕೆ ಮತ್ತು ಹೊರಕ್ಕೆ ಎಳೆದು, ಎರಡೂ ಕೈಗಳಿಂದ ಅಂಚನ್ನು ಒತ್ತಿ ಪ್ಯಾಂಟು ಕಳಚುವ ಹಾಗೆ ಹೊರಬನ್ನಿ. ಮತ್ತೆ ಹತ್ತಲು ಹುಟ್ಟಿನ ಒಂದು ಅಲಗಿಗೆ ಫ್ಲೋಟ್ ತೊಡಿಸಿ ಗಾಳಿ ತುಂಬಿ, ಇನ್ನೊಂದು ತುದಿಯನ್ನು ಕೂರುವ ಗುಂಡಿಯ ಹಿಂದೆ ಅಡ್ಡ ಇಟ್ಟು ಅಂಚಿನೊಂದಿಗೆ ಸೇರಿಸಿ ಹಿಡಿದು, ಹಿಂಭಾಗದ ಮೇಲೆ ಹೊಟ್ಟೆ ಹಾಕಿ ಏರಿ. ಕಾಲುಗಳನ್ನು ಒಂದೊಂದಾಗಿ ಗುಂಡಿಗೆ ಸೇರಿಸಿ, ಭಾರವನ್ನು ಸದಾ ಫ್ಲೋಟಿನ ಕಡೆಗೇ ಇಟ್ಟು ಹೊರಳಿ ಕೂರಬೇಕು. ನೀರು ಪಂಪು ಮಾಡುವವರೆಗೂ ಫ್ಲೋಟ್ ಬಿಚ್ಚಬಾರದು.

ಈ ಅಭ್ಯಾಸ ನಿಂತ ನೀರಿನಲ್ಲಿ ಸರಾಗವಾದ ಮೇಲೆ, ಮಧ್ಯಾಹ್ನದ ಗಾಳಿಗೆ ಕೆರೆಯಲ್ಲಿ ಸಣ್ಣ ಅಲೆ ಏಳುವ ಹೊತ್ತಿನಲ್ಲಿ ಅದನ್ನೇ ಮಾಡಿ. ಸುಸ್ತಾದ ಮೇಲೆ, ಅಂದರೆ ಎರಡು ಗಂಟೆ ಹುಟ್ಟು ಹಾಕಿ ದಡಕ್ಕೆ ಬರುವಾಗ, ಇನ್ನೊಮ್ಮೆ ಮಾಡಿ. ಕಡಲಿನಲ್ಲಿ ಮನುಷ್ಯ ಮಗುಚುವುದು ಹೆಚ್ಚಾಗಿ ಸುಸ್ತಾದಾಗಲೇ. ಜೊತೆಗೆ ಮೂರು ಸನ್ನೆಗಳನ್ನು ಗುಂಪಿನವರೆಲ್ಲ ರೂಢಿಸಿಕೊಳ್ಳಲಿ: ಹುಟ್ಟು ನೆಟ್ಟಗೆ ಎತ್ತಿದರೆ ಮುಂದೆ ಬನ್ನಿ, ತಲೆಯ ಮೇಲೆ ಅಡ್ಡ ಹಿಡಿದರೆ ನಿಲ್ಲಿ, ಎತ್ತಿ ಬೀಸಿದರೆ ನೆರವು ಬೇಕು. ಕೆರೆಯಿಂದ ನೇರವಾಗಿ ಕಡಲಿಗೆ ಜಿಗಿಯುವ ಬದಲು, ಹೊನ್ನಾವರದ ದಾರಿಯಲ್ಲೇ ಸಿಗುವ ತಾಳಗುಪ್ಪದ ಹತ್ತಿರದ ಹೊನ್ನೇಮರಡುವಿನಲ್ಲಿ, ಲಿಂಗನಮಕ್ಕಿಯ ವಿಶಾಲ ಹಿನ್ನೀರಿನ ಮೇಲೆ, ತರಬೇತುದಾರರ ಜೊತೆ ಒಂದು ದಿನ ಕಳೆಯುವುದು ಬಹಳ ಉಪಕಾರಿ.

ಋತು, ಗಾಳಿ, ಉಬ್ಬರವಿಳಿತ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯ ಸಮುದ್ರ ಕಯಾಕಿಗೆ ಮುಚ್ಚಿದಂತೆಯೇ ಲೆಕ್ಕ. ಯಾಂತ್ರಿಕ ದೋಣಿಗಳಿಗೂ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಮೀನುಗಾರಿಕೆ ನಿಷೇಧವಿರುತ್ತದೆ. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಿಂಗಳುಗಳು ಉತ್ತಮ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಗಾಳಿಯೇ ಇಲ್ಲದ ದಿನವೂ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ ಹುಟ್ಟಿದ ಉದ್ದ ತೆರೆಗಳು ಇಲ್ಲಿಗೆ ಬಂದು ಅಪ್ಪಳಿಸಬಹುದು. ಆಕಾಶ ತಿಳಿಯಾಗಿದೆ ಎಂದು ಮೋಸಹೋಗಬಾರದು. ಹೈದರಾಬಾದಿನಲ್ಲಿರುವ, ಸಾಗರ ಮಾಹಿತಿ ಕೊಡುವ ಕೇಂದ್ರ ಸರ್ಕಾರದ ಇನ್‌ಕಾಯಿಸ್ ಸಂಸ್ಥೆ ತೆರೆಯ ಎತ್ತರ, ಗಾಳಿ, ಉಬ್ಬರದ ವೇಳೆ ಮತ್ತು ಎತ್ತರದ ಅಲೆಗಳ ಎಚ್ಚರಿಕೆಯನ್ನು ಪ್ರಕಟಿಸುತ್ತದೆ. ಹವಾಮಾನ ಇಲಾಖೆ ಮೀನುಗಾರರಿಗೆ ಎಚ್ಚರಿಕೆ ಕೊಡುತ್ತದೆ. ಹೊರಡುವ ಮೂರು ದಿನ ಮೊದಲಿನಿಂದ ಇವೆರಡನ್ನೂ ನೋಡುತ್ತಿರಿ. ಗಾಳಿ 10 ನಾಟ್, ಅಂದರೆ ಗಂಟೆಗೆ ಸುಮಾರು 18 ಕಿಲೋಮೀಟರ್ ದಾಟುವ ಮುನ್ಸೂಚನೆಯಿದ್ದರೆ ಹೊಸಬರು ನದಿಯ ಹಿನ್ನೀರಿಗಷ್ಟೇ ಹೋಗಲಿ.

ನೆಲ ಮತ್ತು ನೀರು ಬೇರೆ ಬೇರೆ ವೇಗದಲ್ಲಿ ಕಾಯುವುದರಿಂದ ಬೆಳಗಿನ ಜಾವ ನೆಲದಿಂದ ಕಡಲಿನತ್ತ ಮೆಲ್ಲನೆ ಗಾಳಿ ಬೀಸುತ್ತದೆ, ಮಧ್ಯಾಹ್ನದ ಹೊತ್ತಿಗೆ ಅದು ತಿರುಗಿ ಕಡಲಿನಿಂದ ನೆಲದತ್ತ ಜೋರಾಗುತ್ತದೆ. ಬೆಳಗಿನ ಗಾಳಿಯನ್ನು ಜನ ಲಘುವಾಗಿ ಕಾಣುತ್ತಾರೆ. ದಡದ ತೆಂಗಿನ ತೋಪಿನ ಮರೆಯಲ್ಲಿ ನೀರು ಕನ್ನಡಿಯಂತಿರುತ್ತದೆ, ಒಂದು ಕಿಲೋಮೀಟರ್ ಆಚೆಗೆ ಅದೇ ಗಾಳಿ ನಿಮ್ಮನ್ನು ಇನ್ನೂ ಆಚೆಗೆ ನೂಕುತ್ತಿರುತ್ತದೆ. ಆದುದರಿಂದ ಸೂರ್ಯೋದಯದ ಹೊತ್ತಿಗೆ ಇಳಿದು, ದಡದಿಂದ ಅರ್ಧ ಕಿಲೋಮೀಟರಿನೊಳಗೇ ದಡಕ್ಕೆ ಸಮಾನಾಂತರವಾಗಿ ಸಾಗಿ, ಹನ್ನೊಂದು ಗಂಟೆಯೊಳಗೆ ಹಿಂದಿರುಗುವುದು ಮೊದಲ ಪ್ರವಾಸಗಳಿಗೆ ಸರಿಯಾದ ಕ್ರಮ.

ಕೆರೆಯ ನೀರಿಗೆ ಉಬ್ಬರವಿಳಿತವಿಲ್ಲದ ಕಾರಣ ನಮಗೆ ಇದು ಹೊಸ ಪಾಠ. ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಹೀಗಾಗಿ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಇಂದು ಬೆಳಗ್ಗೆ 6ಕ್ಕೆ ತುಂಬಿದ ಅಳಿವೆ (ನದಿ ಕಡಲು ಸೇರುವ ಜಾಗ) ನಾಳೆ 7ಕ್ಕೆ ಹತ್ತಿರ ಹತ್ತಿರ ತುಂಬುತ್ತದೆ. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ಹೆಚ್ಚು, ಅಷ್ಟಮಿಯ ಹೊತ್ತಿಗೆ ಕಡಿಮೆ. ಪಂಚಾಂಗ ನೋಡುವ ಮನೆಯವರಿಗೆ ಇಷ್ಟು ತಿಳಿದರೆ ಅರ್ಧ ಕೆಲಸವಾದಂತೆ. ಆರು ಗಂಟೆಯ ಇಳಿತದಲ್ಲಿ ನಡುವಿನ ಎರಡು ಗಂಟೆಗಳಲ್ಲೇ ಅರ್ಧದಷ್ಟು ನೀರು ಸರಿಯುತ್ತದೆ, ಸೆಳವು ಆಗ ಅತಿ ಬಲ.

ಅಳಿವೆಯ ಬಾಯಿಯೇ ನಮ್ಮ ಕರಾವಳಿಯ ಅತ್ಯಂತ ಅಪಾಯದ ಜಾಗ. ಶರಾವತಿ, ಅಘನಾಶಿನಿ, ಪಂಚಗಂಗಾವಳಿ, ಸ್ವರ್ಣಾ–ಸೀತಾ ನದಿಗಳು ಕಡಲು ಸೇರುವಲ್ಲಿ ಮರಳಿನ ದಿಬ್ಬಗಳಿವೆ, ಮಳೆಗಾಲ ಕಳೆದಂತೆ ಅವು ಜಾಗ ಬದಲಿಸುತ್ತವೆ. ಇಳಿತದಲ್ಲಿ ನದಿಯ ನೀರು ಹೊರಕ್ಕೆ ನುಗ್ಗುವಾಗ ಒಳಕ್ಕೆ ಬರುವ ತೆರೆ ಅದಕ್ಕೆ ಡಿಕ್ಕಿ ಹೊಡೆದು, ದಿಬ್ಬದ ಮೇಲೆ ಕಡಿದಾಗಿ ಎದ್ದು ಒಡೆಯುತ್ತದೆ. ಯಂತ್ರದ ದೋಣಿಗಳೇ ಅಲ್ಲಿ ಮಗುಚುತ್ತವೆ. ಅಳಿವೆಯನ್ನು ದಾಟಲೇಬೇಕಿದ್ದರೆ ಉಬ್ಬರ ತುಂಬಿ ನೀರು ನಿಂತಂತೆ ಇರುವ ಅಲ್ಪಕಾಲದಲ್ಲಿ, ಆ ಊರಿನ ಮೀನುಗಾರರೊಬ್ಬರನ್ನು ಕೇಳಿ ದಾಟಿ. ಕಯಾಕ್ ನಡೆಸುವ ಮೊದಲ ದಿನವನ್ನು ಅಳಿವೆಯ ಒಳಗಡೆಯೇ, ಹೊನ್ನಾವರದ ಕಾಂಡ್ಲಾ (ಉಪ್ಪುನೀರಿನಲ್ಲಿ ಬೆಳೆಯುವ ಮರಗಳ) ಕಾಡಿನ ನಡುವೆಯೋ ಕೋಡಿ ಬೆಂಗ್ರೆಯ ಹಿನ್ನೀರಿನಲ್ಲೋ ಕಳೆಯುವುದೇ ನನ್ನ ಸಲಹೆ. ಅಲ್ಲಿಯೂ ಒಳಕ್ಕೆ ಹೋಗುವಾಗ ಉಬ್ಬರದ ಜೊತೆ, ಹಿಂದಿರುಗುವಾಗ ಇಳಿತದ ಜೊತೆ ಬರುವಂತೆ ವೇಳೆ ಹೊಂದಿಸಿಕೊಳ್ಳಬಹುದು. ಆದರೆ ಇಳಿತ ಪೂರ್ತಿಯಾಗುವ ಮುನ್ನ ಹೊರಬರದಿದ್ದರೆ ಕೆಸರಿನ ಮೇಲೆ ಕಯಾಕ್ ಕೂತುಬಿಡುತ್ತದೆ.

ದಾರಿ ಗುರುತಿಸುವುದು

ಹೊಸಬರ ವೇಗ ಗಂಟೆಗೆ ಸುಮಾರು 4 ಕಿಲೋಮೀಟರ್ ಎಂದು ಹಿಡಿಯಿರಿ. ಮೊದಲ ದಿನ ಒಟ್ಟು 6ರಿಂದ 8 ಕಿಲೋಮೀಟರ್ ಸಾಕು. ನಕಾಶೆಯಲ್ಲಿ ಪ್ರತಿ ಎರಡು ಕಿಲೋಮೀಟರಿಗೆ ಒಂದರಂತೆ ದಡ ಸೇರಬಹುದಾದ ಮರಳುತೀರಗಳನ್ನು ಗುರುತಿಸಿ; ಬಂಡೆಗಳ ಸಾಲು ಉದ್ದಕ್ಕೂ ಇದ್ದರೆ ಆ ಭಾಗವನ್ನು ಬಿಡಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಹೊನ್ನಾವರದ ಬಸವರಾಜದುರ್ಗ ದಡದಿಂದ ಹತ್ತಿರವೇ ಇದ್ದಂತೆ ಕಂಡರೂ ಅವು ತೆರೆದ ನೀರಿನ ದಾಟುವಿಕೆಗಳು. ಸ್ಥಳೀಯ ಅನುಮತಿ ಮತ್ತು ಅನುಭವಿ ಮಾರ್ಗದರ್ಶಕರು ಇಲ್ಲದೆ ಹೊರಡಬಾರದು. ಮುರುಡೇಶ್ವರದಿಂದ ಸುಮಾರು 10 ನಾಟಿಕಲ್ ಮೈಲು ದೂರದ ನೇತ್ರಾಣಿ ದ್ವೀಪ ಹೊಸಬರ ಮಾತಲ್ಲ. ಕಾರವಾರದ ದಕ್ಷಿಣಕ್ಕೆ ಅರ್ಗಾದ ಸುತ್ತ ನೌಕಾನೆಲೆಯ ನಿರ್ಬಂಧಿತ ನೀರಿದೆ, ಆ ಕಡೆ ಸುಳಿಯಲೇಬೇಡಿ. ಬಂದರುಗಳಲ್ಲಿ ದೋಣಿಗಳ ಹಾದಿಯನ್ನು ಗುಂಪಾಗಿ, ನೇರವಾಗಿ, ಬೇಗ ದಾಟಬೇಕು. ತೀರದಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರೆ ಅದರ ಹೊರಗಿನಿಂದ ದೂರವಾಗಿ ಸುತ್ತಿಕೊಂಡು ಹೋಗಿ. ಅದು ಅವರ ಆ ದಿನದ ಸಂಪಾದನೆ.

ಒಂದು ಹಾಳೆಯಲ್ಲಿ ಎಲ್ಲರ ಹೆಸರು, ಫೋನ್, ಕಯಾಕುಗಳ ಬಣ್ಣ, ಇಳಿಯುವ ಜಾಗ, ಹೊರಡುವ ವೇಳೆ, ಹಿಂದಿರುಗುವ ವೇಳೆ ಬರೆದು ದಡದಲ್ಲಿ ಉಳಿಯುವವರೊಬ್ಬರಿಗೆ ಕೊಡಿ, ಇನ್ನೊಂದು ಪ್ರತಿಯನ್ನು ಊರಿನ ಮನೆಗೆ ಕಳುಹಿಸಿ. "ಮಧ್ಯಾಹ್ನ 1ರೊಳಗೆ ಕರೆ ಬಾರದಿದ್ದರೆ 1554ಕ್ಕೆ ತಿಳಿಸಿ" ಎಂಬ ಸಾಲು ಅದರಲ್ಲಿ ಇರಲೇಬೇಕು. ಆ ಸಾಲಿಲ್ಲದಿದ್ದರೆ ಮನೆಯವರು ಸಂಜೆಯವರೆಗೂ ಯಾರಿಗೆ ಹೇಳುವುದೆಂದು ತಿಳಿಯದೆ ಕಾಯುತ್ತಾರೆ.

ಕಟ್ಟುವುದು ಮತ್ತು ಹೊರಡುವುದು

ದೊಡ್ಡ ಒಂದು ಡ್ರೈ ಬ್ಯಾಗಿಗಿಂತ, ಅಂದರೆ ನೀರು ಹೋಗದ ಚೀಲಕ್ಕಿಂತ, ಹತ್ತು ಲೀಟರಿನ ಎರಡು ಮೂರು ಚೀಲಗಳು ಮೇಲು. ಒಂದು ಸೋರಿದರೂ ಉಳಿದವು ಒಣಗಿರುತ್ತವೆ. ಬಾಯನ್ನು ಕಡೇಪಕ್ಷ ಮೂರು ಸುತ್ತು ಮಡಿಸಿ ಕೊಂಡಿ ಹಾಕಿ. ಭಾರವಾದ ನೀರಿನ ಬಾಟಲಿಗಳು ತಳದಲ್ಲಿ, ಕೂರುವ ಜಾಗಕ್ಕೆ ಹತ್ತಿರ, ಎಡಬಲ ಸಮವಾಗಿ ಇರಬೇಕು. ತಲೆಗೆ ಮೂರರಿಂದ ನಾಲ್ಕು ಲೀಟರ್ ನೀರು, ಜೊತೆಗೆ ಓಆರ್‌ಎಸ್ ಪೊಟ್ಟಣ ಒಯ್ಯಿರಿ. ತಿನ್ನಲು ಕಡಲೆಕಾಯಿ ಚಿಕ್ಕಿ, ಬಾಳೆಹಣ್ಣು, ಬೆಲ್ಲ ಬೆರೆಸಿ ಉಂಡೆ ಕಟ್ಟಿದ ರಾಗಿ ಹುರಿಹಿಟ್ಟು ಬಹಳ ಅನುಕೂಲ. ಹುರಿಹಿಟ್ಟು ಬಿಸಿಲಿಗೆ ಕೆಡುವುದಿಲ್ಲ, ಒಂದು ಉಂಡೆ ಒಂದು ಗಂಟೆಯ ದುಡಿಮೆಗೆ ಸಾಕಾಗುತ್ತದೆ. ಹಿಂದಿನ ರಾತ್ರಿ ಘಟ್ಟ ಇಳಿದು ಬಂದವರು ಅರೆನಿದ್ದೆಯಲ್ಲಿ ಬೆಳಗ್ಗೆ ನೀರಿಗಿಳಿಯಬಾರದು. ಎರಡು ದಿನದ ರಜೆಯಲ್ಲಿ ಮೊದಲ ದಿನವನ್ನು ಪ್ರಯಾಣ, ವಿಶ್ರಾಂತಿ ಮತ್ತು ತೀರ ನೋಡುವುದಕ್ಕೇ ಮೀಸಲಿಟ್ಟು, ಎರಡನೆಯ ಬೆಳಗ್ಗೆ ಮಾತ್ರ ಕಯಾಕ್ ನಡೆಸಿದರೂ ನಷ್ಟವಿಲ್ಲ.

ಇಳಿಯುವ ಮುನ್ನ ಹದಿನೈದು ನಿಮಿಷ ದಡದಲ್ಲಿ ನಿಂತು ತೆರೆಗಳನ್ನು ನೋಡಿ. ತೆರೆಗಳು ಗುಂಪುಗುಂಪಾಗಿ ಬರುತ್ತವೆ. ನಡುವೆ ಶಾಂತವಾದ ಬಿಡುವು ಎಷ್ಟು ಹೊತ್ತಿಗೊಮ್ಮೆ ಸಿಗುತ್ತದೆಂದು ಲೆಕ್ಕ ಹಾಕಿ, ಆ ಬಿಡುವಿನಲ್ಲಿ ಕಯಾಕಿನ ಮೂಗು ನೇರವಾಗಿ ತೆರೆಗೆ ಇಟ್ಟು ಹೊರಡಿ. ಹಿಂದಿರುಗುವಾಗ ಕಯಾಕ್ ಅಡ್ಡ ತಿರುಗಿದರೆ ತೆರೆಯ ಕಡೆಗೆ ಒರಗಿ, ದಡದ ಕಡೆಗಲ್ಲ. ಬಿದ್ದರೆ ಕಯಾಕಿಗೂ ದಡಕ್ಕೂ ನಡುವೆ ಎಂದಿಗೂ ನಿಲ್ಲಬೇಡಿ; ನೀರು ತುಂಬಿದ ಕಯಾಕನ್ನು ತೆರೆ ಎತ್ತಿ ತಂದು ಕಾಲಿಗೆ ಅಪ್ಪಳಿಸಿದರೆ ಮೂಳೆ ಮುರಿಯುತ್ತದೆ. ಗುಂಪಿನಲ್ಲಿ ಎಲ್ಲರಿಗಿಂತ ಅಳುಕುವವರು "ಇವತ್ತು ಬೇಡ" ಎಂದರೆ ಆ ಮಾತೇ ಅಂತಿಮವಾಗಲಿ ಎಂದು ಹೊರಡುವ ಮುಂಚೆಯೇ ಎಲ್ಲರೂ ಒಪ್ಪಿಕೊಂಡಿರಬೇಕು.

ಊರಿಗೆ ಮರಳಿದ ಮೇಲೆ

ಸಲಕರಣೆಗೆ ತಾಗಿದ ಉಪ್ಪುನೀರನ್ನು ಅದೇ ದಿನ ಸಿಹಿನೀರಿನಿಂದ ತೊಳೆಯಿರಿ. ಜಿಪ್, ಕೊಂಡಿ, ಪಂಪು, ಚಾಕು, ಹುಟ್ಟಿನ ನಡುವಿನ ಜೋಡಣೆ ಇವಕ್ಕೆ ಹೆಚ್ಚು ಗಮನ ಬೇಕು. ಜೋಡಣೆಯಲ್ಲಿ ಮರಳು ಉಳಿದರೆ ಮುಂದಿನ ಬಾರಿ ಹುಟ್ಟು ಬಿಚ್ಚಿಕೊಳ್ಳುವುದೇ ಇಲ್ಲ, ಆದುದರಿಂದ ಬಿಚ್ಚಿಟ್ಟೇ ಒಣಗಿಸಿ. ಜಾಕೆಟ್ಟನ್ನು ನೆರಳಿನಲ್ಲಿ ಒಣಗಿಸಿ, ಮೇಲೆ ಭಾರ ಹೇರದೆ ತೂಗುಹಾಕಿ. ಕಯಾಕನ್ನು ಆರ್‌ಸಿಸಿ ತಾರಸಿಯ ಮೇಲೆ ಬಿಸಿಲಿಗೆ ಬಿಟ್ಟರೆ ನಮ್ಮ ಬೇಸಿಗೆಯಲ್ಲಿ ಅದರ ತಳ ಒಳಕ್ಕೆ ತಗ್ಗಿ ಆಕಾರ ಕೆಡುತ್ತದೆ. ನೆರಳಿನಲ್ಲಿ, ಮಗ್ಗುಲಾಗಿ, ಅಗಲವಾದ ಎರಡು ಪಟ್ಟಿಗಳ ಮೇಲೆ ಇಡಿ, ಹ್ಯಾಚ್ ಮುಚ್ಚಳಗಳನ್ನು ಸಡಿಲ ಬಿಡಿ. ಸೋರಿದ ಚೀಲ, ಸಡಿಲವಾದ ಪಟ್ಟಿ, ಕೆಲಸ ಮಾಡದ ಪಂಪು ಇದ್ದರೆ ಆ ವಾರವೇ ಸರಿಪಡಿಸಿ, ಮತ್ತೆ ಕೆರೆಗೆ ಹೋಗಿ ನೀರಿನಲ್ಲಿ ಪರೀಕ್ಷಿಸಿ ನೋಡಿದ ಮೇಲೆಯೇ ಮುಂದಿನ ಪ್ರವಾಸದ ದಿನ ಗೊತ್ತುಮಾಡಿ.